ಹದಿನಾಲ್ಕು ವರ್ಷ ಡಬ್ಬಿಯಲ್ಲಿದ್ದ ರೀಲು

ನಾನಿರೋ ಹ್ಯೂಸ್ಟನ್‌ನಿಂದ ಗಾಲ್ವೆಸ್ಟನ್ ಬೀಚಿಗೆ ಕಾರಲ್ಲಿ ಒಂದು ಗಂಟೆ ದಾರಿ. ಆ ಕಡಲಲ್ಲಿ ಕೆಂಪ್ಸ್ ರಿಡ್ಲೆ ಅಂತ ಒಂದು ಆಮೆ ಇದೆ. ನಮ್ಮ ಕರಾವಳಿಯ ಮರಳಲ್ಲಿ ಮೊಟ್ಟೆ ಇಡೋ ಆಲಿವ್ ರಿಡ್ಲೆಗೆ ಹತ್ತಿರದ ದಾಯಾದಿ. ಇದರ ಇತಿಹಾಸ ಓದ್ತಾ ಹೋದರೆ ಪತ್ತೇದಾರಿ ಕಾದಂಬರಿ ಓದಿದ ಹಾಗಿರುತ್ತೆ.

1880ರಲ್ಲಿ, ಫ್ಲಾರಿಡಾದ ಕೀ ವೆಸ್ಟ್‌ನ ರಿಚರ್ಡ್ ಕೆಂಪ್ ಕಳಿಸಿದ ಆಮೆ ನೋಡಿ ಹಾರ್ವರ್ಡಿನ ಸ್ಯಾಮ್ಯುಯೆಲ್ ಗಾರ್ಮನ್ ಇದಕ್ಕೆ ಕೆಂಪ್ ಹೆಸರನ್ನೇ ಇಟ್ಟರು. ಹೆಸರೇನೋ ಸಿಕ್ತು, ತವರು ಸಿಗಲಿಲ್ಲ! ಇವು ಎಲ್ಲಿ ಮೊಟ್ಟೆ ಇಡ್ತವೆ ಅಂತ ವಿಜ್ಞಾನಿಗಳಿಗೆ ಗೊತ್ತಿರಲಿಲ್ಲ. ಇದು ಬೇರೆ ಎರಡು ಜಾತಿ ಸೇರಿ ಹುಟ್ಟಿದ ಬೆರಕೆ, ಇದಕ್ಕೆ ಮರಿಯೇ ಆಗಲ್ಲ ಅಂತ ಮೀನುಗಾರರ ನಂಬಿಕೆ. ಆಮೆ ವಿಜ್ಞಾನದ ದೊಡ್ಡ ಹೆಸರು ಆರ್ಚೀ ಕಾರ್ ಕೂಡ ಈ ಒಗಟಿನ ಹಿಂದೆ ಎರಡು ದಶಕ ಅಲೆದರು.

ಉತ್ತರ ಮಾತ್ರ ಮೆಕ್ಸಿಕೋದಲ್ಲಿ ಒಂದು ಡಬ್ಬಿಯೊಳಗಿತ್ತು. 1947ರ ಜೂನ್ 18ರಂದು ಆಂದ್ರೆಸ್ ಹೆರೆರಾ ಅನ್ನೋ ಇಂಜಿನಿಯರ್ (ನಮ್ಮ ಜಾತಿಯವನೇ!) ಪುಟ್ಟ ವಿಮಾನದಲ್ಲಿ ಹೋಗಿ ರಾಂಚೋ ನುಯೆವೋ ಎಂಬಲ್ಲಿ ಇಳಿದು ಸಿನಿಮಾ ತೆಗೆದಿದ್ದ. ಮರಳು ಕಾಣದಷ್ಟು ಆಮೆಗಳು. ಕೆಂಪ್ಸ್ ರಿಡ್ಲೆ ಹೆಚ್ಚಾಗಿ ಹಗಲಲ್ಲೇ ಮೊಟ್ಟೆ ಇಡೋದರಿಂದ ಇಷ್ಟು ಚೆನ್ನಾಗಿ ಶೂಟ್ ಮಾಡೋಕಾಯ್ತು ಅನ್ನಿ. ಆ ರೀಲು ವಿಜ್ಞಾನಿಗಳ ಕಣ್ಣಿಗೆ ಬೀಳೋಕೆ 14 ವರ್ಷ ಬೇಕಾಯಿತು. ಟೆಕ್ಸಾಸಿನ ಹೆನ್ರಿ ಹಿಲ್ಡೆಬ್ರಾಂಡ್ ಅದನ್ನು ಹುಡುಕಿ ತಂದು 1961ರಲ್ಲಿ ಆಸ್ಟಿನ್‌ನ ಸಮ್ಮೇಳನದಲ್ಲಿ ತೋರಿಸಿದರು. ಒಂದೇ ದಿನ ಸುಮಾರು 40,000 ಹೆಣ್ಣಾಮೆಗಳು ಅಂತ ಅಂದಾಜು ಮಾಡಿದರು.

ನನ್ನನ್ನು ಕಾಡೋದು ಈ 14 ವರ್ಷಗಳೇ. ವಿಜ್ಞಾನಕ್ಕೆ ಗೊತ್ತಿರಲಿಲ್ಲ, ಆದರೆ ಮೊಟ್ಟೆ ಮಾರೋರಿಗೆ ಆ ಜಾಗ ಚೆನ್ನಾಗಿಯೇ ಗೊತ್ತಿತ್ತು. ಮೂಟೆಗಟ್ಟಲೆ ಮೊಟ್ಟೆ ಸಾಗಿಸುತ್ತಿದ್ದರು. 1966ರಲ್ಲಿ ಮೆಕ್ಸಿಕೋ ಸರ್ಕಾರ ಅಲ್ಲಿ ಕಾವಲು ಹಾಕೋ ಹೊತ್ತಿಗೆ ಆ ಜಾತ್ರೆ ಮುಗಿದಿತ್ತು. ರೀಲು ಇಲ್ಲದಿದ್ದರೆ, ಉಳಿದ ನಾಲ್ಕು ಆಮೆ ನೋಡಿ 'ಓಹೋ, ಇದು ಮೊದಲಿಂದಲೂ ಅಪರೂಪದ ಜಾತಿ' ಅಂತ ಬರೆದು ಕೈತೊಳೆದುಕೊಳ್ಳುತ್ತಿದ್ದರೋ ಏನೋ.

1978ರಲ್ಲಿ ಎರಡೂ ದೇಶ ಸೇರಿ ಒಂದು ಪ್ರಯೋಗ ಶುರು ಮಾಡಿದವು. ಆಮೆ ತಾನು ಹುಟ್ಟಿದ ತೀರಕ್ಕೇ ಮರಳಿ ಬರುತ್ತೆ ಅಂತಾರಲ್ಲ, ಹಾಗಾದ್ರೆ ಇನ್ನೊಂದು ತವರು ಕೊಟ್ಟರೆ ಹೇಗೆ? ಮೊಟ್ಟೆಗಳನ್ನು ಅಲ್ಲಿಯ ಮರಳಿಗೆ ಸೋಕಿಸದೆ ಚೀಲದಲ್ಲಿ ಹಿಡಿದು, ಟೆಕ್ಸಾಸಿನ ಪಾಡ್ರೆ ದ್ವೀಪದ ಮರಳಲ್ಲಿಟ್ಟು ವಿಮಾನದಲ್ಲಿ ತಂದರು. ಮರಿಗಳನ್ನು ಆ ಬೀಚಿನಲ್ಲಿ ಕಡಲಿನವರೆಗೆ ತೆವಳಲು ಬಿಟ್ಟು, ಅಲೆಗೆ ಮೈಯೊಡ್ಡಿದ ಕೂಡಲೇ ಬಲೆಯಲ್ಲಿ ಹಿಡಿದು, ಗಾಲ್ವೆಸ್ಟನ್ ಲ್ಯಾಬಿನಲ್ಲಿ ತಿಂಗಳುಗಟ್ಟಲೆ ಸಾಕಿ, ಗುರುತು ಹಾಕಿ ಬಿಟ್ಟರು. 1988ರವರೆಗೆ ಹೀಗೆ ಬಂದ ಮೊಟ್ಟೆ 22,000ಕ್ಕೂ ಹೆಚ್ಚು.

ರಿಸಲ್ಟ್ ಗೊತ್ತಾಗೋಕೆ ಮರಿ ದೊಡ್ಡದಾಗಬೇಕು, ಅಂದ್ರೆ ಹತ್ತು ವರ್ಷದ ಮಾತು. ಅಷ್ಟರಲ್ಲಿ 1979ರಲ್ಲಿ ಇಕ್ಸ್‌ಟಾಕ್ ತೈಲಬಾವಿ ಸಿಡಿಯಿತು. ಸಾವಿರಾರು ಮರಿಗಳನ್ನು ಹೆಲಿಕಾಪ್ಟರಿನಲ್ಲಿ ಎಣ್ಣೆ ದಾಟಿಸಿ ಬಿಟ್ಟರು! 1985ರಲ್ಲಿ ಎಣಿಸಿದಾಗ ಸಿಕ್ಕ ಗೂಡುಗಳು ಬರೀ 702. ಒಂದು ಹೆಣ್ಣು ಒಂದು ಸೀಸನ್‌ನಲ್ಲಿ ಎರಡು-ಮೂರು ಸಲ ಮೊಟ್ಟೆ ಇಡುತ್ತೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಸೀಗಡಿ ಬಲೆಗೆ ಬಿದ್ದು ಉಸಿರುಕಟ್ಟಿ ಸಾಯುತ್ತಿದ್ದವೂ ಬಹಳ. ಆಮೆ ಹೊರಬೀಳೋ ಹಾಗೆ ಬಲೆಗೊಂದು ಕಿಂಡಿ ಇಡಬೇಕು ಅಂತ 1987ರಲ್ಲಿ ಅಮೆರಿಕ ನಿಯಮ ತಂದಿತು. ಸೀಗಡಿಯೂ ತಪ್ಪಿಸಿಕೊಂಡರೆ ನಮ್ಮ ಹೊಟ್ಟೆಪಾಡೇನು ಅಂತ ಮೀನುಗಾರರು 1989ರಲ್ಲಿ ದೋಣಿಗಳನ್ನು ಅಡ್ಡ ನಿಲ್ಲಿಸಿ ಟೆಕ್ಸಾಸಿನ ಬಂದರುಗಳನ್ನೇ ಬಂದ್ ಮಾಡಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತೆ. ಆದರೂ ತೀರದ ಕಾವಲು, ಬಲೆಯ ಈ ಕಿಂಡಿ, ಇವೆರಡೇ ಆಮೆಯನ್ನು ನಿಜವಾಗಿ ಉಳಿಸಿದ್ದು ಅಂತ ನನ್ನ ಅಭಿಪ್ರಾಯ.

ಪಾಡ್ರೆ ದ್ವೀಪದ ಪ್ರಯೋಗ ಏನಾಯ್ತು ಅಂದ್ರಾ? 1996ರಲ್ಲಿ, ಗುರುತು ಹೊತ್ತ ಎರಡು ಆಮೆಗಳು ಅಲ್ಲಿಗೇ ಬಂದು ಮರಳು ತೋಡಿ ಮೊಟ್ಟೆ ಇಟ್ಟವು. 2009ರ ಹೊತ್ತಿಗೆ ಮೆಕ್ಸಿಕೋದಲ್ಲಿ ಗೂಡುಗಳು 20,000ದ ಹತ್ತಿರ ಬಂದಿದ್ದವು. 2010ರಲ್ಲಿ ದಿಢೀರ್ ಇಳಿದು, ಆಮೇಲೆ ಒಂದು ವರ್ಷ ಮೇಲೆ, ಒಂದು ವರ್ಷ ಕೆಳಗೆ. ಟೆಕ್ಸಾಸಿನಲ್ಲಿ 2017ರಲ್ಲಿ 353 ಗೂಡು ಸಿಕ್ಕವು. ಪಾಡ್ರೆಯಲ್ಲಿ ಬೇಸಿಗೆಯ ಕೆಲವು ಬೆಳಗಿನ ಜಾವ ಮರಿಗಳನ್ನು ಕಡಲಿಗೆ ಬಿಡೋದನ್ನು ನೋಡೋಕೆ ಜನರನ್ನೂ ಬಿಡ್ತಾರೆ. ಬರೋದಾದ್ರೆ ಹೇಳಿ, ರಾತ್ರಿಯೇ ಹೊರಡಬೇಕು.