ಪದದ ಕಥಿ 6: ಬ್ಯಾಟರಿ

ನಮ್ಮ ಉಪ್ಪಿನಬೆಟಗೇರಿ ಕಡೆ ರಾತ್ರಿ ಹೊಲಕ್ಕ ನೀರ ಹಾಯಿಸಾಕ ಹೊಂಟವರಿಗೆ ಮನ್ಯಾಗ ಕೇಳ್ತಾರ: "ಬ್ಯಾಟರಿ ತಗೊಂಡ್ಯಾ?" ಬ್ಯಾಟರಿ ಅಂದ್ರ ಟಾರ್ಚ್. ಅದರೊಳಗ ಹಾಕೋದು ಸೆಲ್ಲು. ಕಾಲೇಜಿನ್ಯಾಗ ಹಿಂಗಂದ್ರ ನಗೋರು ಅದಾರ. ನಗೂಕಿಂತ ಮೊದಲ ಈ ಪದದ ಹಿಸ್ಟರಿ ನೋಡ್ರಿ.

ಇದು ಮೂಲದಲ್ಲಿ ಯುದ್ಧದ ಪದ. ಫ್ರೆಂಚ್ ಭಾಷೆಯ 'ಬಡಿ' ಅನ್ನೋ ಅರ್ಥದ ಮಾತಿನಿಂದ ಹುಟ್ಟಿದ್ದು. ಕೋಟೆ ಗೋಡೆ ಬಡಿಯೋಕೆ ಸಾಲಾಗಿ ನಿಲ್ಲಿಸಿದ ತೋಪುಗಳಿಗೆ ಬ್ಯಾಟರಿ ಅಂದರು. ಆ ತೋಪು ಇಡೋ ಜಾಗಕ್ಕೂ ಅದೇ ಹೆಸರು ಬಂತು. ಮಂಗಳೂರಿನ ಬೋಳೂರಿನಲ್ಲಿ ಸುಲ್ತಾನ್ ಬತ್ತೇರಿ ಇದೆಯಲ್ಲ, ಆ 'ಬತ್ತೇರಿ' ಅಂದ್ರ ಇದೇ ಬ್ಯಾಟರಿ! ಗುರುಪುರ ನದಿಯೊಳಗೆ ಶತ್ರುಗಳ ಹಡಗು ನುಗ್ಗಬಾರದು ಅಂತ 1784ರಲ್ಲಿ ಟಿಪ್ಪು ಸುಲ್ತಾನ್ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ್ದು. ಸುತ್ತ ತೋಪಿನ ಕಿಂಡಿಗಳು, ಕೆಳಗೆ ಮದ್ದಿನ ಕೋಣೆ. ನಮ್ಮ ಸೇನೆಯಲ್ಲಿ ಇವತ್ತಿಗೂ ಫಿರಂಗಿಗಳ ಒಂದು ತುಕಡಿಗೆ ಬ್ಯಾಟರಿ ಅಂತಾರೆ.

ಹಂಗಾದ್ರ ಕರೆಂಟಿಗೆ ಈ ಹೆಸರು ಹೆಂಗ ಬಂತು? 1749ರಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 11 ಗಾಜಿನ ಹಲಗೆಗಳಿಗೆ ಸೀಸದ ತಗಡು ಅಂಟಿಸಿ, ಒಂದಕ್ಕೊಂದು ಜೋಡಿಸಿ, ವಿದ್ಯುತ್ ತುಂಬಿಟ್ಟ. ತೋಪಿನ ಸಾಲಿನ ಹಾಗೆ ಎಲ್ಲವೂ ಕೂಡಿ ಒಮ್ಮೆಗೇ ಹೊಡೆಯುತ್ತವೆ. ಅದಕ್ಕೂ ಬ್ಯಾಟರಿ ಅಂದ. 1800ರಲ್ಲಿ ಇಟಲಿಯ ವೋಲ್ಟಾ ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಇಟ್ಟು, ಒಂದರ ಮೇಲೊಂದು ಪೇರಿಸಿದ. ಅದರಿಂದ ಕರೆಂಟ್ ಒಂದೇ ಸಮ ಹರೀತು. ನಮ್ಮೂರ ಹೆಸರಿನ್ಯಾಗಿನ ಉಪ್ಪು ಅಲ್ಲೂ ಕೆಲಸಕ್ಕ ಬಂತು ನೋಡ್ರಿ!

ಕೋಲಾರದ ಚಿನ್ನದ ಗಣಿಯಲ್ಲೂ ಈ ಪದ ಇತ್ತು. ಅದಿರಿನ ಕಲ್ಲು ಕುಟ್ಟೋಕೆ ಒನಕೆಗಳ ಹಾಗೆ ಸಾಲಾಗಿ ಎದ್ದು ಬೀಳೋ ಭಾರದ ಕಬ್ಬಿಣಗಳ ಗುಂಪಿಗೆ ಸ್ಟಾಂಪ್ ಬ್ಯಾಟರಿ ಅಂತಿದ್ರು.

ತೋಪು, ಗಾಜು, ಒನಕೆ, ಎಲ್ಲಾದಕ್ಕೂ ಅರ್ಥ ಒಂದ: ಒಂದೇ ನಮೂನಿವು ಸಾಲಾಗಿ ನಿಂತು ಕೂಡಿ ಕೆಲಸ ಮಾಡಿದ್ರ ಅದು ಬ್ಯಾಟರಿ. ಬಿಡಿಯಾಗಿದ್ರ ಬರೇ ಸೆಲ್ಲು.

ಈಗ ಹೇಳ್ರಿ. ಬಹಳಷ್ಟು ಫೋನಿನ್ಯಾಗ ಇರೋದು ಒಂದ ಸೆಲ್ಲು, ಅದಕ್ಕ ನಾವೆಲ್ಲಾ ಬ್ಯಾಟರಿ ಅಂತೀವಿ. ಊರಾಗಿನ ಹಿರ್ಯಾರು ಮೂರು ಸೆಲ್ಲು ಸಾಲಾಗಿ ಹಾಕಿದ ಕೊಳವಿಗೆ ಬ್ಯಾಟರಿ ಅಂತಾರ. ಹೆಸರು ದೀಪಕ್ಕ ಜಾರೇತಿ, ಖರೆ. ಆದ್ರ ಬಿಡಿದು ಸೆಲ್ಲು, ಕೂಡಿದ್ದು ಬ್ಯಾಟರಿ ಅನ್ನೋ ಲೆಕ್ಕಾ ಅವರ ಬಾಯಾಗ ಇನ್ನೂ ಸರಿ ಐತಿ. ಮುಂದಿನ ಸಲ ನಗೂ ಮುಂದ ಇದನ್ನ ನೆನಸ್ಕೊರಿ.

ನಿಮ್ಮ ಕಡೆ ಟಾರ್ಚಿಗೆ ಏನಂತಾರ? ಕಮೆಂಟಿನ್ಯಾಗ ಬರೀರಿ.

#ಪದದಕಥಿ #ಉಪ್ಪಿನಬೆಟಗೇರಿ #ಧಾರವಾಡಕನ್ನಡ