ಹರಕಿ ಬಾಕಿ

ಬೈಲಹೊಂಗಲ, ಸವದತ್ತಿ ಕಡೆ ಯಾರೂ ‘ಹರಕೆ’ ಅನ್ನುವುದಿಲ್ಲ, ‘ಹರಕಿ’ ಅನ್ನುತ್ತಾರೆ. ಹಳಗನ್ನಡದ ‘ಪರಸು’ ಹರಸು ಆದ ಹಾಗೆ ‘ಪರಕೆ’ ಹರಕೆಯಾಯಿತು. ಅಂದರೆ ಹರಸುವ ಮಾತಿನ ಮನೆತನದ್ದೇ ಈ ಪದ. 1894ರ ಕಿಟೆಲ್ ನಿಘಂಟಿನಲ್ಲಿ ಆಶೀರ್ವಾದ, ದೇವರಿಗೆ ಕೊಟ್ಟ ಮಾತು ಎರಡೂ ಅರ್ಥ ಸಿಗುತ್ತವೆ. ಬಳಕೆಯಲ್ಲಿ ಎರಡನೆಯದು ಗೆದ್ದಿತು. ಹರಕಿಯನ್ನು ಹೊರಬೇಕು, ಮುಟ್ಟಿಸಬೇಕು, ತೀರಿಸಬೇಕು. ಕೇಳಿದರೆ ಕಿರಾಣಿ ಅಂಗಡಿಯ ಉದ್ರಿ ಖಾತೆ ನೆನಪಾಗುತ್ತದೆ.

ಈ ಖಾತೆ ಮನೆಯಲ್ಲಿ ಯಾರ ಹೆಸರಿನಲ್ಲಿರುತ್ತದೆ ಎಂಬುದು ನನ್ನ ಪ್ರಶ್ನೆ. ಎರಡು ವರ್ಷವಾದರೂ ಕುತ್ತಿಗೆ ನಿಲ್ಲದ, ಮಾತು ಬಾರದ ಕೂಸು ಮನೆಯಲ್ಲಿದ್ದರೆ ಬಂದ ಬೀಗರು ಮೊದಲು ತಾಯಿಯನ್ನೇ ಕೇಳುತ್ತಾರೆ: “ಯವ್ವಾ, ಹಳೇ ಹರಕಿ ಏನರ ಉಳದೈತೇನು?” ಹುಟ್ಟಿದಾಗ ಕೂಸು ತಡವಾಗಿ ಅತ್ತಿತೇ, ಮಿದುಳಿಗೆ ಆಮ್ಲಜನಕ ಕಡಿಮೆ ಬಿತ್ತೇ ಎಂದು ಕೇಳುವವರು ಆಸ್ಪತ್ರೆಯವರು ಮಾತ್ರ. ಸೋದರಮಾವನಿಗೇ ಕೊಟ್ಟು ಮಾಡಿದ ಮದುವೆಯಿಂದ ಕೆಲವು ಆನುವಂಶಿಕ ತೊಂದರೆಗಳ ಸಾಧ್ಯತೆ ಹೆಚ್ಚುತ್ತದೆ. ಆ ಮದುವೆ ಕುದುರಿಸಿದ ಹಿರಿಯರನ್ನು ಯಾರೂ ಏನೂ ಕೇಳುವುದಿಲ್ಲ. ಬಾಕಿ ತಾಯಿಯ ತಲೆಗೇ.

ಹಾಗೆಂದು ಸವದತ್ತಿ ಎಲ್ಲಮ್ಮನ ಗುಡ್ಡವನ್ನು ಹಳಿಯಲಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರು ಕಟ್ಟಿಕೊಂಡು ಅಲ್ಲಿಗೆ ಹೊರಡುವ ಮನೆಗಳು ಇಂಥ ಕೂಸನ್ನೂ ಕರೆದೊಯ್ಯುತ್ತವೆ. ರಾಮದುರ್ಗದವರು ಗೊಡಚಿ ವೀರಭದ್ರನಲ್ಲಿಗೂ ಒಯ್ಯುತ್ತಾರೆ. ಮದುವೆಗೆ, ಸೀಮಂತಕ್ಕೆ “ಅವನ್ನ ಮನ್ಯಾಗ ಬಿಟ್ಟ ಬರ್ರಿ” ಅನ್ನುವ ಬಂಧುಗಳೇ ಇಲ್ಲಿ ಅವನನ್ನು ಸರದಿಯಂತೆ ಹೆಗಲಿಗೆ ಏರಿಸಿಕೊಳ್ಳುತ್ತಾರೆ. ಹಣೆತುಂಬ ಭಂಡಾರ, ಸುತ್ತ ‘ಉಧೋ ಉಧೋ’. ಅವನು ಜೋರಾಗಿ ಕೂಗಿದರೂ ಯಾರೂ ತಿರುಗಿ ನೋಡುವುದಿಲ್ಲ. ಅವನ ತಾಯಿಗೆ ಅಷ್ಟು ನಿರಾಳವಾದ ದಿನ ವರ್ಷದಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಕಿತ್ತೂರು, ಬೈಲಹೊಂಗಲದ ಎಷ್ಟೋ ಮನೆಗಳಲ್ಲಿ ಕೊರಳಿಗೆ ಇಷ್ಟಲಿಂಗ, ಹರಕಿ ಮಾತ್ರ ಗುಡ್ಡಕ್ಕೆ. ಬಸವಣ್ಣ ಇದನ್ನು ಒಪ್ಪುತ್ತಿರಲಿಲ್ಲ. ಆದರೆ ಕೂಸಿನ ವಿಷಯ ಬಂದಾಗ ತಾಯಿ ಯಾವ ಬಾಗಿಲನ್ನೂ ಬಿಡುವುದಿಲ್ಲ.

ಇದೇ ಗುಡ್ಡದಲ್ಲಿ ಹರಕಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುತ್ತಿದ್ದರು. ಮನೆಯಲ್ಲೊಬ್ಬರಿಗೆ ಜಡ್ಡು ಬಂದರೆ, ಹುಡುಗಿಯ ತಲೆಯಲ್ಲಿ ಜಡೆ ಗಂಟುಗಟ್ಟಿದರೆ ಅಷ್ಟೇ ಸಾಕಿತ್ತು. ಅದನ್ನು ನಿಷೇಧಿಸಲು 1982ರ ದೇವದಾಸಿ ಕಾಯ್ದೆಯೇ ಬೇಕಾಯಿತು. ಆದ್ದರಿಂದ ಹರಕಿಯನ್ನು ಬರೀ ಭಕ್ತಿಯೆಂದು ಮುದ್ದಿಸುವುದೂ ಸಲ್ಲ.

ಹರಕಿಗೆ ಸಾಮಾನ್ಯವಾಗಿ ಒಂದು ಕರಾರಿರುತ್ತದೆ: “ಯವ್ವಾ, ನನ್ನ ಮಗ ಎದ್ದ ನಡದ್ರ ದೀಡ ನಮಸ್ಕಾರ ಹಾಕ್ತೇನಿ.” ಮಿದುಳಿಗೆ ಬಿದ್ದ ಪೆಟ್ಟು ಮಾಯುವಂಥದ್ದಲ್ಲ. ಆದರೆ ಫಿಜಿಯೋಥೆರಪಿ, ಮಾತಿನ ತರಬೇತಿಯಿಂದ ಕೂಸು ಎಷ್ಟೋ ಕಲಿಯುತ್ತದೆ, ಅದೂ ಮೊದಲ ವರ್ಷಗಳಲ್ಲಿ ಹೆಚ್ಚು. “ಮುಂದಿನ ಹುಣ್ಣಿವಿ ನೋಡೋಣು” ಎಂದು ಕಾಯುವ ಮನೆ ಕಳೆದುಕೊಳ್ಳುವುದು ಆ ವರ್ಷಗಳನ್ನೇ. ಸವದತ್ತಿಯಿಂದ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್ ಒಂದು ಬಸ್ಸಿನ ದಾರಿ.

ಮಗ ಬೆಳೆದಂತೆ ಕರಾರೂ ಬದಲಾಗುತ್ತದೆ. ನಡಿಗೆ, ಮಾತು ಬಿಟ್ಟುಹೋಗಿ ಬೇಡಿಕೆ ಒಂದೇ ಉಳಿಯುತ್ತದೆ: “ನಾ ಹ್ವಾದಮ್ಯಾಲ ಇವಗ ಯಾರು?” ಈ ಪ್ರಶ್ನೆಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಅರೆ ಉತ್ತರವಾದರೂ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಇದೇ ನ್ಯಾಸದ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ.

ಗುಡ್ಡಕ್ಕೆ ಹೋಗಿ ಬನ್ನಿ, ಹರಕಿ ಮುಟ್ಟಿಸಿ. ಊರಿಗೆ ಬಂದ ಮೇಲೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕಂಡು ಮಗುವಿನ ಅಂಗವೈಕಲ್ಯ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಕೊಡಿ. ಆ ಅರ್ಜಿಯ ಓಡಾಟವನ್ನಾದರೂ ಮನೆಯ ಗಂಡಸರು ಹೊರಲಿ.