ಇಪ್ಪತ್ತು ಅಕ್ಷರದ ವಿಳಾಸ

ನಾಗಪುರದಲ್ಲಿ ನಾಲ್ಕು ವರ್ಷ ಇದ್ದವರಿಗೂ 'ಸಿಕಲ್‌ಸೆಲ್' ಎಂಬ ಮಾತು ಹೊಸದಲ್ಲ. ಹುಟ್ಟಿನಿಂದಲೇ ಬರುವ ಕಾಯಿಲೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಜೀವ ಹಿಂಡುವ ನೋವು ಕೊಡುತ್ತದೆ. ಮಧ್ಯ ಭಾರತದಲ್ಲಿ ಇದು ಇರುವುದನ್ನು ಶುಕ್ಲಾ ಮತ್ತು ಸೋಲಂಕಿ 1958ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಇಲ್ಲಿನ ರೋಗಿಗಳಿಗಾಗಿ ದುಡಿದ ಸಂಪತ್ ರಾಮ್ಟೆಕೆ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲೂ ಈ ಕಾಯಿಲೆ ಇದೆ.

ತಪ್ಪು ಎಷ್ಟು ಗೊತ್ತೇ? ಹಿಮೋಗ್ಲೋಬಿನ್ ಜೀನಿನಲ್ಲಿ ಒಂದೇ ಅಕ್ಷರ, 'ಎ' ಇರಬೇಕಾದಲ್ಲಿ 'ಟಿ'. ಆದರೆ ಮುನ್ನೂರು ಕೋಟಿ ಅಕ್ಷರಗಳ ನಡುವೆ ಬೇಕಾದ ಜಾಗಕ್ಕೇ ಹೋಗಿ ಕತ್ತರಿ ಹಾಕುವುದು ಹೇಗೆ? ಝಿಂಕ್ ಫಿಂಗರ್, ಟ್ಯಾಲೆನ್ ಎಂಬ ಹಳೆಯ ಉಪಕರಣಗಳಲ್ಲಿ ಜಾಗ ಬದಲಾದಾಗಲೆಲ್ಲ ಪ್ರೋಟೀನನ್ನೇ ಹೊಸದಾಗಿ ಕಟ್ಟಬೇಕಿತ್ತು. ಮನೆಗೊಬ್ಬ ಹೊಸ ಅಂಚೆಯವನನ್ನು ತಯಾರು ಮಾಡಿದ ಹಾಗೆ!

ವೈರಸ್ಸುಗಳ ಜೊತೆ ಹೋರಾಡುವ ಬ್ಯಾಕ್ಟೀರಿಯಾಗಳ ದಾರಿ ಬೇರೆ. ಅಲ್ಲಿ ಕ್ಯಾಸ್9 ಎಂಬ ಕತ್ತರಿ ಬದಲಾಗುವುದಿಲ್ಲ, ವಿಳಾಸ ಮಾತ್ರ ಆರ್‌ಎನ್‌ಎ ಚೀಟಿಯಲ್ಲಿರುತ್ತದೆ. ಆದರೆ ಚೀಟಿ ಎರಡು. ಒಂದು ವಿಳಾಸ, ಇನ್ನೊಂದು ಅದನ್ನು ಕತ್ತರಿಗೆ ಸಿಕ್ಕಿಸುವ ಹಿಡಿಕೆ. ಈ ಹಿಡಿಕೆಯ ಕೆಲಸವನ್ನು ಶಾರ್ಪೆಂಟಿಯೆ ಅವರ ತಂಡ 2011ರಲ್ಲಿ ಬೆಳಕಿಗೆ ತಂದಿತು. 2012ರಲ್ಲಿ ಯೀನೆಕ್, ಶಾರ್ಪೆಂಟಿಯೆ, ಡೌಡ್ನಾ ಮೊದಲಾದವರು ಎರಡನ್ನೂ ಪುಟ್ಟ ಕುಣಿಕೆಯಿಂದ ಜೋಡಿಸಿ ಒಂದೇ ಎಳೆ ಮಾಡಿದರು. ಅಲ್ಲಿಂದ ಮುಂದೆ ಸುಮಾರು 20 ಅಕ್ಷರ ಬದಲಿಸಿದರೆ ಸಾಕು, ಅದೇ ಕತ್ತರಿ ಬೇರೆ ಜಾಗಕ್ಕೆ ಹೋಗುತ್ತದೆ. ಒಂದೇ ಷರತ್ತು, ಆ ಜಾಗದ ಪಕ್ಕದಲ್ಲಿ ಜೋಡಿ 'ಜಿ'ಯ ಗುರುತು ಇರಬೇಕು. 2020ರಲ್ಲಿ ಶಾರ್ಪೆಂಟಿಯೆ, ಡೌಡ್ನಾ ಇಬ್ಬರಿಗೂ ನೊಬೆಲ್ ಬಂತು.

ಹೀಗೆ ವಿಳಾಸ ಬದಲಿಸುವುದು ಸುಲಭವಾದ್ದರಿಂದ ಸುತ್ತುದಾರಿಯೂ ತೆರೆಯಿತು. 2023ರ ಕೊನೆಗೆ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ 'ಕ್ಯಾಸ್ಜೆವಿ' ಚಿಕಿತ್ಸೆ ಆ ಕೆಟ್ಟ ಅಕ್ಷರದ ತಂಟೆಗೇ ಹೋಗುವುದಿಲ್ಲ. ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ನನ್ನು ಅಡಗಿಸಿಡುವ ಬಿಸಿಎಲ್11ಎ ಜೀನಿನ ಸ್ವಿಚ್ಚಿಗೆ ಕತ್ತರಿ ಹಾಕಿ, ಆ ಹಳೆಯ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುತ್ತದೆ. ಅಮೆರಿಕದಲ್ಲಿ ಇದಕ್ಕೆ ಇಟ್ಟ ಬೆಲೆ 22 ಲಕ್ಷ ಡಾಲರ್!

ನಮ್ಮ ದೇಶದಲ್ಲೂ ದೆಹಲಿಯ ಐಜಿಐಬಿ ಸಂಸ್ಥೆ ಸಿದ್ಧಪಡಿಸಿದ ಕ್ರಿಸ್ಪರ್ ಚಿಕಿತ್ಸೆಯನ್ನು 2025ರ ನವೆಂಬರ್‌ನಲ್ಲಿ ಬಿರ್ಸಾ ಮುಂಡಾ ಹೆಸರಿನಲ್ಲಿ, 'ಬಿರ್ಸಾ 101' ಎಂದು ಪ್ರಕಟಿಸಿದರು. ಹೆಸರೇನೋ ಸರಿಯಾಗಿದೆ. ಆದರೆ ಇಂಥ ಚಿಕಿತ್ಸೆಯಲ್ಲಿ ರೋಗಿಯ ಕಾಂಡಕೋಶಗಳನ್ನು ಹೊರತೆಗೆದು, ತಿದ್ದಿ, ಹಳೆಯ ಮಜ್ಜೆಯನ್ನು ಔಷಧಿಯಿಂದ ಖಾಲಿ ಮಾಡಿ, ಮತ್ತೆ ಒಳಸೇರಿಸಬೇಕು. ದೊಡ್ಡ ಆಸ್ಪತ್ರೆಯೇ ಬೇಕು. 20 ಅಕ್ಷರ ಬರೆಯುವ ಖರ್ಚು ಇಳಿಯಿತು, ಗಡಚಿರೋಲಿಯ ಹಳ್ಳಿಯ ಹುಡುಗಿಯನ್ನು ಆ ಹಾಸಿಗೆಯವರೆಗೆ ತಲುಪಿಸುವ ಖರ್ಚು ಇನ್ನೂ ಇಳಿದಿಲ್ಲ. ಮುಂದಿನ ಇತಿಹಾಸ ಅಲ್ಲಿಂದ ಶುರುವಾಗಬೇಕು, ಏನಂತೀರಿ?